'ರಾ' ಎಂಬ ವಿಶೇಷಣ ಮತ್ತು ದಲಿತ ಬರಹ

ದಲಿತ ಸಾಹಿತ್ಯದ ಬಗ್ಗೆ ಬರೆಯುವ, ಮಾತಾಡುವ ಕಡೆಯಲ್ಲೆಲ್ಲ ಇಂಗ್ಲಿಷಿನ ಒಂದು ಪುಟ್ಟ ವಿಶೇಷಣ ಓಡಾಡುತ್ತಿರುತ್ತದೆ. ಅದು 'ರಾ'. 'ರಾ ಅನುಭವ', 'ರಾ ಭಾಷೆ', 'ತುಂಬಾ ರಾ ಆಗಿದೆ' ಹೀಗೆ. ಕನ್ನಡದಲ್ಲಿ ಬರೆಯುವಾಗ ಇದೇ ಮಾತು 'ಹಸಿಹಸಿ ಅನುಭವ', 'ಹಸಿ ಬದುಕು', 'ಕಚ್ಚಾ ಅಭಿವ್ಯಕ್ತಿ' ಎಂದು ವೇಷ ಬದಲಿಸುತ್ತದೆ. ಇಂಗ್ಲಿಷಿಗೆ ಹೋದ ದಲಿತ ಆತ್ಮಕತೆಗಳ ಬೆನ್ನುಡಿ, ಪರಿಚಯಗಳಲ್ಲಂತೂ ಇದು ಮನೆ ಮಾಡಿಕೊಂಡಿದೆ. ಹೊಗಳುವವರೂ ಇದನ್ನೇ ಬಳಸುತ್ತಾರೆ, ತೆಗಳುವವರೂ ಇದನ್ನೇ ಬಳಸುತ್ತಾರೆ. ಒಂದೇ ಪದ ಎರಡು ಕೆಲಸಕ್ಕೂ ಇಷ್ಟು ಸಲೀಸಾಗಿ ಒದಗುತ್ತದೆ ಎಂದರೆ ಅದರ ಒಳಗೆ ಏನೋ ಇದೆ ಅಂತಲೇ ಅರ್ಥ. ಅದೇನು ಅಂತ ಬಿಡಿಸಿ ನೋಡುವುದಷ್ಟೇ ಈ ಲೇಖನದ ಉದ್ದೇಶ.

ನಾನು ನಿಘಂಟಿನ ಕಡೆಯಿಂದಲೇ ಶುರು ಮಾಡುತ್ತೇನೆ. ವಿಮರ್ಶೆಯ ಪರಿಭಾಷೆಯನ್ನು ನಾವು ಸಾಮಾನ್ಯವಾಗಿ ಸಿದ್ಧಾಂತದ ಕಡೆಯಿಂದ ನೋಡುತ್ತೇವೆ. ಆ ಪದ ದಿನಬಳಕೆಯಲ್ಲಿ ಹೇಗೆ ದುಡಿಯುತ್ತದೆ ಎಂದು ನೋಡುವುದು ಕಡಿಮೆ. ಆದರೆ ಪದದ ರಾಜಕಾರಣ ಅಡಗಿರುವುದು ದಿನಬಳಕೆಯಲ್ಲೇ.

1

'ರಾ' ಪದದ ಮೊದಲ ಅರ್ಥ ಅಡುಗೆಮನೆಯದು. ಬೇಯಿಸದ್ದು, ಸುಡದ್ದು, ಕಾಯಿಸದ್ದು. ರಾ ಮೀಟ್ ಅಂದರೆ ಹಸಿ ಮಾಂಸ, ರಾ ಮಿಲ್ಕ್ ಅಂದರೆ ಕಾಯಿಸದ ಹಸಿಹಾಲು. ಎರಡನೆಯದು ಕಾರ್ಖಾನೆಯದು. ಇನ್ನೂ ಸರಕಾಗದ್ದು, ಸಂಸ್ಕರಣೆಗೆ ಕಾದಿರುವುದು: ರಾ ಮೆಟೀರಿಯಲ್, ರಾ ಕಾಟನ್, ರಾ ಸಿಲ್ಕ್, ರಾ ಹೈಡ್. ಈಚಿನ ಕಾಲದ ರಾ ಡೇಟಾ ಕೂಡ ಇದೇ ಗುಂಪಿನದು. ಮೂರನೆಯದು ಮೈಯದು. ಚರ್ಮ ಸುಲಿದು, ತರಚಿ, ಕೆಂಪಗೆ ಉರಿಯುತ್ತಿರುವ ಜಾಗವನ್ನು ಇಂಗ್ಲಿಷಿನವರು 'ರಾ' ಅನ್ನುತ್ತಾರೆ. ಮುಟ್ಟಬಾರದ ವಿಷಯ ಮುಟ್ಟಿದಾಗ 'ರಾ ನರ್ವ್ ಮುಟ್ಟಿದ' ಅನ್ನುವುದು ಇದರ ವಿಸ್ತರಣೆ. ನಾಲ್ಕನೆಯದು ಅನುಭವ ಸಾಲದವನದು: ರಾ ರಿಕ್ರೂಟ್ ಎಂದರೆ ನಿನ್ನೆ ಮೊನ್ನೆ ಪಡೆಗೆ ಸೇರಿದ, ಇನ್ನೂ ಪಳಗದ ಸಿಪಾಯಿ. ಐದನೆಯದು ಹವೆಯದು. ಒದ್ದೆಯಾಗಿ ಕೊರೆಯುವ ಚಳಿಗಾಳಿಗೆ ಅವರು 'ರಾ ವಿಂಡ್' ಅನ್ನುತ್ತಾರೆ. ಆರನೆಯದು ಅನ್ಯಾಯದ್ದು: ರಾ ಡೀಲ್ ಅಂದರೆ ಮೋಸದ ವ್ಯವಹಾರ. ಏಳನೆಯದು ಮುಚ್ಚುಮರೆ ಇಲ್ಲದ್ದು: ರಾ ಎಮೋಷನ್, ರಾ ಪವರ್. 'ಇನ್ ದಿ ರಾ' ಅಂದರೆ ಬತ್ತಲೆಯಾಗಿ ಅಂತಲೇ ಅರ್ಥ.

ಈ ಪದದ ಬೇರು ಕೂಡ ಗಮನಿಸತಕ್ಕದ್ದು. ಇಂಗ್ಲಿಷಿನ ರಾ, ಲ್ಯಾಟಿನಿನಿಂದ ಬಂದ 'ಕ್ರೂಡ್' ಮತ್ತು 'ಕ್ರೂಯೆಲ್', ಗ್ರೀಕಿನಲ್ಲಿ ಮಾಂಸಕ್ಕೆ ಇರುವ 'ಕ್ರೆಆಸ್', ಸಂಸ್ಕೃತದ 'ಕ್ರವ್ಯ' ಇವೆಲ್ಲ ಒಂದೇ ಬೇರಿನ ಟಿಸಿಲುಗಳೆಂದು ಭಾಷಾಶಾಸ್ತ್ರ ಹೇಳುತ್ತದೆ. ಬೇರಿನ ಅರ್ಥ ಹಸಿ ಮಾಂಸ, ರಕ್ತ. ಕ್ರವ್ಯವನ್ನು ತಿನ್ನುವವನು ಕ್ರವ್ಯಾದ. ಅಮರಕೋಶದಲ್ಲಿ ರಾಕ್ಷಸನಿಗೆ ಇರುವ ಹೆಸರುಗಳಲ್ಲಿ ಇದೂ ಒಂದು. ಅಂದರೆ ಹಸಿಗೂ ಒರಟಿಗೂ ಕ್ರೌರ್ಯಕ್ಕೂ ಇರುವ ನಂಟು ಯಾರೋ ಒಬ್ಬ ವಿಮರ್ಶಕ ತಂದಿಟ್ಟದ್ದಲ್ಲ. ಅದು ಪದದ ಹೊಟ್ಟೆಯಲ್ಲೇ ಇದೆ. ಹಸಿ ತಿನ್ನುವವನು ಬೇರೆಯವನು, ಕೀಳಾದವನು, ಮನುಷ್ಯನಲ್ಲದವನು ಎಂಬ ಭಾವನೆ ಬಹಳ ಹಳೆಯದು.

ಇನ್ನು ವ್ಯಾಕರಣ. ವಿಶೇಷಣಗಳಲ್ಲಿ ಒಂದು ಜಾತಿ ವಸ್ತುವಿನ ಬಗೆಯನ್ನು ಹೇಳುತ್ತದೆ, ಇನ್ನೊಂದು ಗುಣವನ್ನು ಹೇಳುತ್ತದೆ. ಗುಣ ಹೇಳುವುದಕ್ಕೆ ಹೆಚ್ಚು ಕಡಿಮೆ ಇರುತ್ತದೆ, ಬಗೆ ಹೇಳುವುದಕ್ಕೆ ಇರುವುದಿಲ್ಲ. 'ರಾ ಮೆಟೀರಿಯಲ್' ಅನ್ನುತ್ತೇವೆಯೇ ಹೊರತು 'ವೆರಿ ರಾ ಮೆಟೀರಿಯಲ್' ಅನ್ನುವುದಿಲ್ಲ. 'ರಾ ಡೀಲ್' ಅನ್ನುತ್ತೇವೆ, 'ದಿ ಡೀಲ್ ವಾಸ್ ರಾ' ಅಂದರೆ ಇಂಗ್ಲಿಷ್ ಬಲ್ಲವರು ಮುಖ ನೋಡುತ್ತಾರೆ. ಆದರೆ ಗಾಯದ ಬಗ್ಗೆ, ಭಾವನೆಯ ಬಗ್ಗೆ 'ವೆರಿ ರಾ' ಅನ್ನಬಹುದು. 'ಈ ಆತ್ಮಕತೆ ವೆರಿ ರಾ' ಎಂದು ವಿಮರ್ಶಕ ಹೇಳಿದಾಗ ಕಿವಿಗೆ ಕೇಳಿಸುವುದು ಗುಣವಾಚಕ: ಉತ್ಕಟ, ನಿರ್ಭೀತ, ಮುಚ್ಚುಮರೆ ಇಲ್ಲದ್ದು. ಅದರ ಅಡಿಯಲ್ಲಿ ಸದ್ದಿಲ್ಲದೆ ಕೆಲಸ ಮಾಡುವುದು ಬಗೆ ಹೇಳುವ ವಿಶೇಷಣ: ಇದು ಇನ್ನೂ ಸಾಮಗ್ರಿ, ಇನ್ನೂ ಸರಕಾಗಿಲ್ಲ. ಹೊಗಳಿಕೆ ಮತ್ತು ತೆಗಳಿಕೆ ಒಂದೇ ಪದದಲ್ಲಿ ಕೂಡಿ ಬಾಳುವುದು ಹೀಗೆ.

ನಮ್ಮ ದೇಶದ ಇಂಗ್ಲಿಷ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದೆ. ಇಂಗ್ಲೆಂಡಿನವರಿಗೆ ಹಣ್ಣನ್ನು 'ರಾ' ಆಗಿ ತಿನ್ನುವುದೆಂದರೆ ಬೇಯಿಸದೆ ತಿನ್ನುವುದು. ಅದು ಚೆನ್ನಾಗಿ ಕಳಿತ ಹಣ್ಣೇ ಇರಬಹುದು. ನಮ್ಮಲ್ಲಿ ರಾ ಮ್ಯಾಂಗೋ ಅಂದರೆ ಮಾವಿನಕಾಯಿ, ರಾ ಬನಾನಾ ಅಂದರೆ ಬಜ್ಜಿ ಮಾಡುವ ಬಾಳೆಕಾಯಿ. ನಮ್ಮ ಕಿವಿಯಲ್ಲಿ ಈ ಪದಕ್ಕೆ 'ಕಾಯಿ', 'ಅಪಕ್ವ' ಎಂಬ ಅರ್ಥ ಬಲವಾಗಿ ಅಂಟಿಕೊಂಡಿದೆ. ಆದ್ದರಿಂದ ಮುಂಬಯಿಯಲ್ಲೋ ಬೆಂಗಳೂರಲ್ಲೋ ಕೂತು ಒಬ್ಬರು ದಲಿತ ಬರಹವನ್ನು ರಾ ಅಂದರೆ 'ಇನ್ನೂ ಹಣ್ಣಾಗಬೇಕು' ಅಂತ ಹೇಳಿದಂತೆಯೂ ಆಗುತ್ತದೆ.

2

ಈಗ ಮುಖ್ಯ ಮಾತಿಗೆ ಬರೋಣ. ಲೋಕದಲ್ಲಿ ತನ್ನಷ್ಟಕ್ಕೆ ತಾನೇ 'ರಾ' ಆದ ವಸ್ತು ಯಾವುದೂ ಇಲ್ಲ. ಮುಂದೆ ಅದನ್ನು ಏನೋ ಒಂದು ಮಾಡಬೇಕು ಅಂದುಕೊಂಡವನ ಕಣ್ಣಿಗೆ ಮಾತ್ರ ಅದು ರಾ. ಮರದಲ್ಲಿರುವ ಮಾವಿನಕಾಯಿ ಮರಕ್ಕೆ ರಾ ಅಲ್ಲ. ಅಂದರೆ ಈ ವಿಶೇಷಣ ವಸ್ತುವಿನ ಸ್ಥಿತಿಯನ್ನು ಹೇಳುವಂತೆ ಕಂಡರೂ ನಿಜದಲ್ಲಿ ಹೇಳುವುದು ಅದನ್ನು ನೋಡುತ್ತಿರುವವನ ಉದ್ದೇಶವನ್ನು.

ಇದಕ್ಕೆ ಕರ್ನಾಟಕದವರಾದ ನಮಗೆ ರೇಷ್ಮೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರಾಮನಗರ, ಶಿಡ್ಲಘಟ್ಟದ ಕಡೆ ಗೂಡಿನಿಂದ ಬಿಚ್ಚಿದ ನೂಲಿಗೆ 'ರಾ ಸಿಲ್ಕ್', ಕಚ್ಚಾ ರೇಷ್ಮೆ ಅಂತಲೇ ಹೆಸರು. ಆದರೆ ಅದು ಕಚ್ಚಾ ಆಗುವುದಕ್ಕೆ ಮೊದಲು ಏನೆಲ್ಲ ಆಗಿರುತ್ತದೆ ನೋಡಿ. ಯಾರೋ ಹಿಪ್ಪುನೇರಳೆ ಬೆಳೆದಿದ್ದಾರೆ. ಯಾರೋ ಹಗಲು ರಾತ್ರಿ ಹುಳಕ್ಕೆ ಸೊಪ್ಪು ಹಾಕಿದ್ದಾರೆ, ಹಣ್ಣಾದ ಹುಳ ಆರಿಸಿ ಚಂದ್ರಂಕಿಗೆ ಬಿಟ್ಟಿದ್ದಾರೆ. ಗೂಡು ಮಾರುಕಟ್ಟೆಗೆ ಬಂದಿದೆ, ಹರಾಜಾಗಿದೆ. ಆಮೇಲೆ ಅದನ್ನು ಬಿಸಿನೀರಲ್ಲಿ ಬೇಯಿಸಿ, ಎಳೆ ಹುಡುಕಿ, ಹಲವು ಗೂಡಿನ ಎಳೆ ಸೇರಿಸಿ ನೂಲು ತೆಗೆದಿದ್ದಾರೆ. ಇಷ್ಟೆಲ್ಲ ಬೆಂದ ಮೇಲೂ ಅದರ ಹೆಸರು 'ರಾ'! ಯಾಕೆಂದರೆ ನೂಲಿನ ಮೇಲಿನ ಅಂಟು ಇನ್ನೂ ತೆಗೆದಿಲ್ಲ, ಬಣ್ಣ ಹಾಕಿಲ್ಲ, ಸೀರೆಯಾಗಿಲ್ಲ. ಕೊಳ್ಳುವವನ ಕಡೆಯಿಂದ ನೋಡಿದರೆ ಅದು ಕಚ್ಚಾ, ಅಷ್ಟೆ.

ಅಲ್ಲಿಯವರೆಗಿನ ದುಡಿಮೆಯನ್ನೆಲ್ಲ 'ರಾ' ಎಂಬ ಎರಡಕ್ಷರವೂ ಇಲ್ಲದ ಪದ ಒರೆಸಿ ಹಾಕಿಬಿಡುತ್ತದೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಿತು. ಕುದಿಯುವ ನೀರಿನ ತೊಟ್ಟಿಗೆ ಕೈಯಿಳಿಸಿ ಗೂಡು ಮುಟ್ಟಿ ನೋಡುವ ಮಕ್ಕಳು, ಬೊಬ್ಬೆಯೆದ್ದ ಅಂಗೈಗಳು ಅದರಲ್ಲಿ ದಾಖಲಾಗಿವೆ. ಆ ಅಂಗೈಯನ್ನೂ ಇಂಗ್ಲಿಷಿನಲ್ಲಿ ರಾ ಅಂತಲೇ ಅನ್ನಬೇಕು. ರಾ ಆದ ಕೈಯಿಂದ ರಾ ಸಿಲ್ಕ್. ಒಂದು ಕಡೆ ಪದ ನೋವನ್ನು ಹೇಳುತ್ತದೆ, ಇನ್ನೊಂದು ಕಡೆ ಅದೇ ಪದ ನೋವು ತಿಂದವರ ದುಡಿಮೆಯನ್ನು ಮುಚ್ಚಿಡುತ್ತದೆ. ದಲಿತ ಬರಹದ ಮೇಲೆ ಈ ಪದ ಬಂದು ಕೂತಾಗ ಆಗುವುದೂ ಇದೇ. ನೋವನ್ನು ಒಪ್ಪಿಕೊಳ್ಳುತ್ತಾರೆ, ದುಡಿಮೆಯನ್ನು ಒಪ್ಪಿಕೊಳ್ಳುವುದಿಲ್ಲ.

3

ಹಸಿ ಮತ್ತು ಬೆಂದದ್ದು ಎಂಬ ಜೋಡಿಯನ್ನು ಪ್ರಸಿದ್ಧಗೊಳಿಸಿದವನು ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್. ಇದೇ ಹೆಸರಿನ ಅವನ ಪುಸ್ತಕ 1964ರಲ್ಲಿ ಬಂತು. ಅವನ ಪ್ರಕಾರ ಹಸಿ ಎಂದರೆ ಪ್ರಕೃತಿ, ಬೆಂದದ್ದು ಎಂದರೆ ಸಂಸ್ಕೃತಿ. ಅವನು ಮುಖ್ಯವಾಗಿ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಪುರಾಣಗಳನ್ನು ಇಟ್ಟುಕೊಂಡು ಈ ಮಾತು ಹೇಳಿದ. ಜಾತಿ ಇರುವ ನಮ್ಮ ಸಮಾಜದಲ್ಲಿ ಲೆಕ್ಕ ಇಷ್ಟು ಸರಳ ಅಲ್ಲ. ಇಲ್ಲಿ ಬೆಂದಿದೆಯೋ ಇಲ್ಲವೋ ಎಂಬುದಕ್ಕಿಂತ ಯಾರು ಬೇಯಿಸಿದರು ಎಂಬುದೇ ದೊಡ್ಡ ಪ್ರಶ್ನೆ.

ಉತ್ತರ ಭಾರತದ ಕಚ್ಚಾ-ಪಕ್ಕಾ ಊಟದ ವಿಂಗಡಣೆ ನೋಡಿ. ಲೂಯಿ ಡ್ಯೂಮೊ ತನ್ನ 'ಹೋಮೋ ಹೈರಾರ್ಕಿಕಸ್' (1966) ಪುಸ್ತಕದಲ್ಲಿ ಇದನ್ನು ಚರ್ಚಿಸುತ್ತಾನೆ. ತುಪ್ಪದಲ್ಲಿ ಕರಿದದ್ದು ಪಕ್ಕಾ, ನೀರಲ್ಲಿ ಬೇಯಿಸಿದ ಅನ್ನ-ಬೇಳೆ ಕಚ್ಚಾ. ಪಕ್ಕಾ ಊಟವನ್ನು ಕೊಂಚ ಕೆಳಗಿನ ಜಾತಿಯವರಿಂದಲೂ ತೆಗೆದುಕೊಳ್ಳಬಹುದು. ಕಚ್ಚಾ ಊಟವನ್ನು ಮಾತ್ರ ಸ್ವಜಾತಿಯವರು ಅಥವಾ ಮೇಲಿನವರು ಮಾಡಿರಬೇಕು. ಇಲ್ಲಿ ಕಚ್ಚಾ ಎಂದರೆ ಬೇಯದ್ದು ಅಲ್ಲವೇ ಅಲ್ಲ, ಚೆನ್ನಾಗಿಯೇ ಬೆಂದದ್ದು!

ನಮ್ಮ ಕಡೆಯ 'ಸ್ವಯಂಪಾಕ' ಇನ್ನೂ ನೇರವಾದ ಉದಾಹರಣೆ. ಬ್ರಾಹ್ಮಣರಿಗೆ ಅಕ್ಕಿ, ಬೇಳೆ, ಬೆಲ್ಲ, ತರಕಾರಿಯನ್ನು ಹಾಗೇ ಕೊಡುವುದು, ಅವರು ತಮ್ಮ ಕೈಯಾರೆ ಬೇಯಿಸಿಕೊಂಡು ಉಣ್ಣುವುದು. ಇದರ ಹಿಂದಿನ ತರ್ಕ ಸ್ಪಷ್ಟ. ಹಸಿ ಪದಾರ್ಥಕ್ಕೆ ಮೈಲಿಗೆ ಇಲ್ಲ. ಹೊಲ ಉತ್ತು, ಬಿತ್ತಿ, ಕುಯ್ದು, ಬಡಿದವರು ಹೊಲೆಯರು ಮಾದಿಗರೇ ಆಗಿದ್ದರೂ ಆ ಅಕ್ಕಿ ಅಗ್ರಹಾರದ ಒಳಕ್ಕೆ ಹೋಗುತ್ತದೆ. ಅದೇ ಅಕ್ಕಿಯನ್ನು ಅದೇ ಕೈ ಬೇಯಿಸಿದರೆ ಅದು ಹೊಸಿಲು ದಾಟುವುದಿಲ್ಲ. ನಮ್ಮ ಕೈಯ ಹಸಿ ಆಗುತ್ತದೆ, ನಮ್ಮ ಕೈಯ ಬೇಯಿಸಿದ್ದು ಆಗುವುದಿಲ್ಲ. ಇದು ಹಳೇ ಕಾಲದ ಮಾತು ಅನ್ನುವ ಹಾಗೂ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಬಿಸಿಯೂಟ ಶುರುವಾದ ಮೇಲೆ, ಅಡುಗೆಯವಳು ದಲಿತ ಹೆಂಗಸು ಅಂತ ಮಕ್ಕಳನ್ನು ಊಟಕ್ಕೆ ಕೂರಲು ಬಿಡದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಪದೇ ಪದೇ ಓದಿದ್ದೇವೆ. ಅಕ್ಕಿ ಎಲ್ಲಿಂದ ಬಂತು ಅಂತ ಅಲ್ಲಿ ಯಾರೂ ಕೇಳಿದವರಲ್ಲ.

ಸಾಹಿತ್ಯದಲ್ಲಿ ನಡೆಯುತ್ತಿರುವುದೂ ಒಂದು ಬಗೆಯ ಸ್ವಯಂಪಾಕವೇ ಎಂಬುದು ನನ್ನ ವಾದ. ದಲಿತರ ಅನುಭವ ಬೇಕು. ಹಸಿವು, ಅವಮಾನ, ಕೇರಿಯ ಭಾಷೆ ಎಲ್ಲವೂ ಬೇಕು, ಆದರೆ ಹಸಿಯಾಗಿ ಬೇಕು. ಅದನ್ನು ಬೇಯಿಸುವ ಕೆಲಸ, ಅಂದರೆ ಅರ್ಥ ಹೇಳುವುದು, ಬೆಲೆ ಕಟ್ಟುವುದು, ಪರಂಪರೆಯಲ್ಲಿ ಜಾಗ ತೋರಿಸುವುದು ತಮ್ಮ ಕೈಯಲ್ಲೇ ಇರಬೇಕು. ಗೋಪಾಲ ಗುರು 2002ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬರೆದ ಲೇಖನದಲ್ಲಿ ಸಮಾಜ ವಿಜ್ಞಾನಗಳ ಬಗ್ಗೆ ಇದೇ ತರಹದ ಪ್ರಶ್ನೆ ಎತ್ತಿದರು. ಮಾಹಿತಿ ಒದಗಿಸುವ ಶೂದ್ರರು, ಸಿದ್ಧಾಂತ ಕಟ್ಟುವ ಬ್ರಾಹ್ಮಣರು ಎಂಬ ವಿಭಜನೆ ವಿಶ್ವವಿದ್ಯಾಲಯಗಳ ಒಳಗೇ ಇದೆ ಎಂದರು. 'ರಾ ಡೇಟಾ' ಯಾರದು, 'ಥಿಯರಿ' ಯಾರದು ಎಂದು ಕೇಳಿದರೆ ಈ ವಿಶೇಷಣದ ಜಾತಿ ಗೊತ್ತಾಗುತ್ತದೆ.

ನಾವು ಬೇಯಿಸಿ ಬಡಿಸಿದಾಗ ಏನಾಗುತ್ತದೆ ಎಂಬುದಕ್ಕೂ ಕನ್ನಡದಲ್ಲಿ ಚರಿತ್ರೆಯಿದೆ. 1973ರಲ್ಲಿ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದು ಅನುಭವ ಕಥನ ಆಗಿರಲಿಲ್ಲ, ಅದೊಂದು ಸಾಹಿತ್ಯಕ ತೀರ್ಮಾನ, ವಿಮರ್ಶೆ. ಒಪ್ಪಬಹುದಿತ್ತು, ಬಿಡಬಹುದಿತ್ತು, ವಾದ ಹೂಡಬಹುದಿತ್ತು. ನಡೆದದ್ದು ಗಲಭೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕಡೆಗೆ ಅವರ ಮಂತ್ರಿಗಿರಿಯೂ ಹೋಯಿತು. ತನ್ನ ನೋವು ಹೇಳಿಕೊಂಡಿದ್ದರೆ ಮರುಗುತ್ತಿದ್ದವರೇ ತಮಗೆ ಬೆಲೆ ಕಟ್ಟಿದಾಗ ಸಹಿಸಲಿಲ್ಲ.

ಸಣ್ಣ ಪ್ರಮಾಣದಲ್ಲಿ ಇದು ಈಗಲೂ ನಡೆಯುತ್ತದೆ. ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಮಂಡಿಸಿ ಕೂತ ಮೇಲೆ ಅಧ್ಯಕ್ಷತೆ ವಹಿಸಿದ್ದ ಹಿರಿಯರು, 'ವಿಷಯ ಚೆನ್ನಾಗಿದೆ, ಸ್ವಲ್ಪ ರಾ ಆಗಿದೆ ಅಷ್ಟೆ. ನಿಮ್ಮ ಅನುಭವವನ್ನೇ ಇನ್ನಷ್ಟು ಹೇಳಬಹುದಿತ್ತು' ಎಂದರು. ನಾನು ಮಂಡಿಸಿದ್ದು ಛಂದಸ್ಸಿನ ಬಗ್ಗೆ.

4

ಹಾಗಾದರೆ ದಲಿತ ಬರಹ ನಿಜಕ್ಕೂ 'ರಾ' ಆಗಿದೆಯೇ? ಕೃತಿಗಳನ್ನೇ ಕೇಳೋಣ.

ದೇವನೂರ ಮಹಾದೇವರ 'ಒಡಲಾಳ' 1978ರಲ್ಲಿ ಪ್ರಕಟವಾಯಿತು. ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುತ್ತಾಳೆ. ಇನ್ನೊಂದು ಕಡೆ ಪೊಲೀಸರು ಕಳುವಾದ ಕಡಲೆಕಾಯಿ ಹುಡುಕಿಕೊಂಡು ಅವಳ ಮನೆಗೇ ಬರುತ್ತಾರೆ. ಬಡವಳ ಹುಂಜ ಕಳೆದರೆ ಅವಳೇ ಹುಡುಕಬೇಕು, ಉಳ್ಳವನ ಕಡಲೆಕಾಯಿ ಕಳೆದರೆ ಸರ್ಕಾರ ಹುಡುಕುತ್ತದೆ. ಲೇಖಕರು ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಹುಡುಕಾಟಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಅದೇ ಮನೆಯ ಗೋಡೆ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಇದನ್ನು ಕಚ್ಚಾ ಅನ್ನುವುದಾದರೆ ಪಕ್ಕಾ ಹೇಗಿರುತ್ತದೆ ಅಂತ ಯಾರಾದರೂ ತೋರಿಸಬೇಕು. 1984ರ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡುತ್ತದೆ, ದೀಪದ ಜೋತಮ್ಮಂದಿರು ಒಂದೆಡೆ ಸೇರಿ ಮನೆಮನೆಯ ಸುದ್ದಿ ಹಂಚಿಕೊಳ್ಳುತ್ತಾರೆ. ನಂಜನಗೂಡು ಸೀಮೆಯ ಆಡುಮಾತು ಗದ್ಯವೂ ಪದ್ಯವೂ ಅಲ್ಲದ ಒಂದು ಲಯಕ್ಕೆ ಬಂದಿದೆ. ಆಡುಮಾತು ಇದೆ ಅಂದ ಮಾತ್ರಕ್ಕೆ ಅದು ಬಾಯಿಂದ ನೇರ ಹಾಳೆಗೆ ಬಿತ್ತು ಅಂತ ತಿಳಿಯುವುದು ಬರವಣಿಗೆಯ ಕಷ್ಟ ಗೊತ್ತಿಲ್ಲದವರ ಮಾತು.

ಸಿದ್ಧಲಿಂಗಯ್ಯನವರ ಆತ್ಮಕತೆ 'ಊರುಕೇರಿ' (1996) ಇನ್ನೊಂದು ಸಾಕ್ಷಿ. ಇಬ್ಬರು ಮನುಷ್ಯರ ಹೆಗಲಿಗೆ ಎತ್ತಿನ ಹಾಗೆ ನೊಗ ಕಟ್ಟಿ ಉಳುತ್ತಿರುವ ದೃಶ್ಯ ಅದರ ಆರಂಭದಲ್ಲೇ ಬರುತ್ತದೆ. ಆ ಇಬ್ಬರಲ್ಲಿ ಒಬ್ಬರು ಲೇಖಕರ ತಂದೆ. ಇಂಥ ಕಡೆ ಆಕ್ರೋಶವೋ ಕಣ್ಣೀರೋ ಬರುತ್ತದೆ ಎಂದು ಕಾದು ಕೂತ ಓದುಗನಿಗೆ ಸಿಗುವುದು ಹುಡುಗನೊಬ್ಬನ ಸಾದಾ ನೋಟ, ಮುಂದೆ ಪುಟಪುಟಕ್ಕೂ ನಗು. ನಗುತ್ತ ನಗುತ್ತ ಓದುಗನಿಗೆ ತಾನು ಯಾಕೆ ನಗುತ್ತಿದ್ದೇನೆ ಎಂಬ ನಾಚಿಕೆ ಹುಟ್ಟಬೇಕು. ಅದು ಬೇಯಿಸಿದ್ದು ಮಾತ್ರವಲ್ಲ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದ್ದು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಎಂಬ ಹೆಸರನ್ನೇ ನೋಡಿ. ಸರ್ಕಾರದ ಸವಲತ್ತು ಪಡೆಯುವವರನ್ನು ಚುಚ್ಚಲು ಇತರರು ಬಳಸುವ ಮಾತನ್ನೇ ಕಿತ್ತುಕೊಂಡು ಮುಖಪುಟಕ್ಕೆ ಏರಿಸಿದ್ದಾರೆ. ಎರಡೇ ಪದದಲ್ಲಿ ಮೀಸಲಾತಿ ಚರ್ಚೆಯ ವ್ಯಂಗ್ಯವೆಲ್ಲ ಬಂದುಬಿಟ್ಟಿದೆ.

ಮರಾಠಿಯಲ್ಲಿ ಶರಣಕುಮಾರ ಲಿಂಬಾಳೆ ದಲಿತ ಸಾಹಿತ್ಯಕ್ಕೆ ತನ್ನದೇ ಸೌಂದರ್ಯಶಾಸ್ತ್ರ ಬೇಕು ಎಂದು ವಾದಿಸಿದರು. ಅವರ ಪುಸ್ತಕ 2004ರಲ್ಲಿ ಇಂಗ್ಲಿಷಿಗೂ ಬಂತು. ಅದನ್ನು ಒಪ್ಪುವವರು, ಒಪ್ಪದವರು ಇಬ್ಬರೂ ಇದ್ದಾರೆ. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಮೊದಲು ಈ ಕೃತಿಗಳಲ್ಲಿ ನಡೆದಿರುವ ಕೆಲಸವನ್ನು ಕೆಲಸ ಅಂತ ನೋಡಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ದಲಿತ ಲೇಖಕರಲ್ಲೇ ಕೆಲವರು 'ನಮ್ಮದು ರಾ, ಹಾಗೇ ಇರಲಿ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲವೇ? ಹೇಳಿಕೊಳ್ಳುತ್ತಾರೆ. ನಾಮದೇವ ಢಸಾಳರ 'ಗೋಲಪೀಠಾ' 1972ರಲ್ಲಿ ಬಂದಾಗ ಶಿಷ್ಟ ಮರಾಠಿಗೆ ಆದ ಆಘಾತ ಸಣ್ಣದಲ್ಲ. ಶಿಷ್ಟತೆಯ ಮುಖಕ್ಕೆ ರಾಚುವಂತೆ ಬರೆಯುವುದು ಒಂದು ಆಯ್ಕೆ. ಆದರೆ ಅದು ಆಯ್ಕೆ ಎಂಬುದೇ ಮುಖ್ಯ. ಬೇಕೆಂದೇ ಉಳಿಸಿಕೊಂಡ ಒರಟುತನ ಒಂದು ಶೈಲಿ. ಕೈಲಾಗದೆ ಉಳಿದ ಒರಟುತನ ಬೇರೆ. ದಲಿತರ ಹೆಸರಿನಲ್ಲಿ ಬರುವ ಬರಹದಲ್ಲಿ ಅದೂ ಇಲ್ಲದಿಲ್ಲ, ಎಲ್ಲರ ಬರಹದಲ್ಲೂ ಇರುವ ಹಾಗೆ. 'ರಾ' ಎಂಬ ಪದ ಈ ಎರಡನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟುತ್ತದೆ. ಅದರಿಂದ ಒಳ್ಳೆಯ ಲೇಖಕನಿಗೂ ನಷ್ಟ, ತಿದ್ದಿಕೊಳ್ಳಬೇಕಾದ ಹೊಸ ಹುಡುಗನಿಗೂ ನಷ್ಟ.

5

ಕನ್ನಡದ 'ಹಸಿ' ಇಂಗ್ಲಿಷಿನ 'ರಾ' ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರಾಗೆ ಎದುರು ಪದ ಬೆಂದದ್ದು, ಇಲ್ಲವೇ ಸಂಸ್ಕರಿಸಿದ್ದು. ನಮ್ಮ ಹಸಿಗೆ ಬೆಂದದ್ದೂ ಎದುರೇ, ಒಣಗಿದ್ದೂ ಎದುರೇ. ಹಸಿಮೆಣಸಿನಕಾಯಿ-ಒಣಮೆಣಸಿನಕಾಯಿ, ಹಸಿಸೌದೆ-ಒಣಸೌದೆ. ಹಸಿಗೂಸು ಅಂದರೆ ಈಗಷ್ಟೆ ಹುಟ್ಟಿದ ಮಗು, ಹಸಿಬಾಣಂತಿ ಅಂದರೆ ಅದನ್ನು ಹಡೆದವಳು. ಹಸಿಗೋಡೆಗೆ ಹರಳು ಹೊಡೆದ ಹಾಗೆ ಅನ್ನುವಾಗ, ಬಂದದ್ದನ್ನು ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿದೆ. ಹಸಿಸುಳ್ಳು ಅಂತಲೂ ಇದೆ, ಇಲ್ಲ ಅನ್ನುವುದಿಲ್ಲ. ಒಟ್ಟಿನಲ್ಲಿ ನಮ್ಮ ಹಸಿಯಲ್ಲಿ ನೀರಿದೆ, ಜೀವ ಇದೆ. ಅದು ಏನೋ ಆಗುವುದಕ್ಕೆ ಕಾದು ಕೂತದ್ದಲ್ಲ, ಆಗಲೇ ಜೀವಂತ ಇರುವುದು. ಈ ಅರ್ಥದಲ್ಲಿ ಯಾರಾದರೂ ನಮ್ಮ ಬರಹವನ್ನು ಹಸಿ ಅಂದರೆ ನನ್ನ ತಕರಾರಿಲ್ಲ. 'ಒಣ' ಬರಹಕ್ಕೆ ಎದುರಾಗಿ ಹಸಿ ಅನ್ನಲಿ. ಇಂಗ್ಲಿಷಿನ ಎದುರುಪದವನ್ನು ಕದ್ದು ಒಳಗೆ ತರುವುದು ಬೇಡ.

ಇನ್ನು ಬೆಂದದ್ದನ್ನು ಅಳೆಯುವುದಕ್ಕೆ ನಮ್ಮಲ್ಲಿ ಪದ ಇಲ್ಲವೇ? ಇದೆ. ಅದು 'ಹದ'. ಅಡುಗೆಯ ಹದ, ಮಣ್ಣಿನ ಹದ, ಪಾಕದ ಹದ. ನಮ್ಮ ವಿಮರ್ಶಕರೂ 'ಹದ ತಪ್ಪಿದೆ', 'ಹದವಾಗಿ ಬಂದಿದೆ' ಎಂದು ಧಾರಾಳವಾಗಿ ಬಳಸುತ್ತಾರೆ. ಆದರೆ ತೊಗಲಿಗೂ ಹದ ಇದೆ ಎಂಬುದು ಎಷ್ಟು ಜನಕ್ಕೆ ನೆನಪಾಗುತ್ತದೋ ಕಾಣೆ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಬಿಡಿಸಬೇಕು, ಒಳಬದಿಗೆ ಅಂಟಿದ ಮಾಂಸ ಹೆರೆಯಬೇಕು, ತೊಳೆಯಬೇಕು, ತಂಗಡಿ ಚಕ್ಕೆಯ ರಸ ಕುಡಿಸಬೇಕು, ಅಳಲೆಕಾಯಿ ಹಾಕಬೇಕು. ದಿನಗಟ್ಟಲೆ ಕಾಯಬೇಕು. ಒಂದು ದಿನ ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಬಿರುಸಾಗಿ ಸೀಳುತ್ತದೆ. ಇದು ಕೈಗೆ, ಮೂಗಿಗೆ, ಕಣ್ಣಿಗೆ ಗೊತ್ತಾಗಬೇಕಾದ ವಿದ್ಯೆ. ಇದಕ್ಕೆ ಕನ್ನಡದಲ್ಲಿ 'ಹದ ಮಾಡುವುದು' ಅಂತಲೇ ಹೆಸರು.

ನಾನು ಆ ಕಸುಬನ್ನು ವೈಭವೀಕರಿಸುತ್ತಿಲ್ಲ. ಅದು ಹೇರಿದ್ದು, ಆಯ್ದುಕೊಂಡದ್ದಲ್ಲ. 1927ರ ಮಹಾಡ್ ಪರಿಷತ್ತಿನಲ್ಲಿ ಸತ್ತ ದನ ಎಳೆಯುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಡಬೇಕೆಂಬ ಕರೆ ಹೊರಟಿತು. ಬಾಬಾಸಾಹೇಬರ ಆ ದಾರಿಯಲ್ಲೇ ನಾವೆಲ್ಲ ಇಷ್ಟು ದೂರ ಬಂದದ್ದು. ಕಸುಬು ಬಿಟ್ಟರೂ ಕಸುಬಿನಲ್ಲಿದ್ದ ಅರಿವನ್ನು ಬಿಡಬೇಕಾಗಿಲ್ಲ. ಹಸಿಯನ್ನು ಹದಕ್ಕೆ ತರುವುದೇ ಕುಲಕಸುಬಾಗಿದ್ದವರ ಮಕ್ಕಳು ಬರೆದಾಗ 'ಇದು ಹಸಿ, ಹದ ನಾವು ಮಾಡುತ್ತೇವೆ' ಎಂದು ಬೇರೆಯವರು ಹೇಳುವುದು ವಿಚಿತ್ರ ಅಲ್ಲವೇ?

ಆದ್ದರಿಂದ ಇನ್ನು ಮೇಲೆ ದಲಿತ ಬರಹದ ಮೇಲೆ 'ರಾ' ಎಂಬ ಪದ ಕಂಡಾಗ ಮೂರು ಪ್ರಶ್ನೆ ಕೇಳೋಣ. ಯಾವ ಅರ್ಥದ ರಾ? ಗಾಯದ್ದೋ, ಕಾಯಿಯದೋ, ಕಾರ್ಖಾನೆಯದೋ? ಬರಹದಲ್ಲಿ ಆಗದೇ ಉಳಿದಿರುವ ಕೆಲಸ ಯಾವುದು, ಪುಟ ತೋರಿಸಿ ಹೇಳಲು ಸಾಧ್ಯವೇ? ಆ ಕೆಲಸವನ್ನು ಮುಂದೆ ಯಾರು ಮಾಡಬೇಕು ಅಂತ ಇವರ ಮನಸ್ಸಿನಲ್ಲಿದೆ? ಉತ್ತರ ಸಿಕ್ಕರೆ ಅದು ವಿಮರ್ಶೆ, ಅದನ್ನು ಕೂತು ಕೇಳೋಣ, ತಿದ್ದಿಕೊಳ್ಳಬೇಕಾದ್ದನ್ನು ತಿದ್ದಿಕೊಳ್ಳೋಣ. ಸಿಗದಿದ್ದರೆ ಅದು ಅಕ್ಕಿಯನ್ನು ಒಳಗೆ ತೆಗೆದುಕೊಂಡು ಅನ್ನವನ್ನು ಹೊರಗೆ ನಿಲ್ಲಿಸುವ ಹಳೆಯ ಪದ್ಧತಿ, ಅಷ್ಟೆ.